ದೇವರ ಗಡಿಗೆಯ ಜೋಳ

ಆಳಂದ, ೧೭-೧೦-೧೯೪೮, ರವಿವಾರ

ರಜಾಕಾರರು ಬಂದಾಗ ನಮ್ಮನ್ನು ಮನೆಯಲ್ಲಿ ಬಚ್ಚಿಟ್ಟ ದರ್ಜಿ ಚಾಂದಪಾಶಾನನ್ನೇ ಈಗ, ನಿಜಾಮ ಸೋತ ಮೇಲೆ, ಪೊಲೀಸರು ರಜಾಕಾರನೆಂದು ಹಿಡಿದೊಯ್ದು ಇಪ್ಪತ್ತು ದಿನ. ಠಾಣೆಗೆ ಹೋಗಿ ನಿಜ ಹೇಳಿದೆ, ಕೇಳಲಿಲ್ಲ. ಮೊಣಕಾಲೂರಿ ದೇವರಿಗೂ ಹೇಳಿದೆ, ಅಲ್ಲೂ ಅದೇ.

ಕೂಗಿದೆ, ಕಾದೆ, ಕಣ್ಣೀರಿಟ್ಟೆ;
ಕರ್ತನೇ, ಕಿವಿಯನ್ನೆಲ್ಲಿ ಬಿಟ್ಟೆ?

ಪ್ರಾಸ ಕೂಡಿತು, ಮನುಷ್ಯ ಬರಲಿಲ್ಲ.

ದಿನಾ ಬೀಸುವ ಮುಂದೆ ಒಂದು ಹಿಡಿ ಜೋಳ ದೇವರ ಗಡಿಗೆಗೆ ಹಾಕಿ, ರವಿವಾರ ಚರ್ಚಿಗೆ ಒಯ್ಯುವುದು ನಮ್ಮ ರೂಢಿ. ಇವತ್ತು ನನ್ನ ಹೆಂಡತಿ ಮಾರ್ಥಾ ಅದಷ್ಟನ್ನೂ ಚಾಂದಪಾಶಾನ ಹೆಂಡತಿ ಕರೀಮುನ್ನಿಸಾಳ ಸೆರಗಿಗೆ ಸುರಿದಳು.

ಸಭೆಯ ಹಿರಿಯ ದಾನಪ್ಪನವರು ಮನೆತನಕ ಬಂದರು. "ಏನ್ರಿ ಬಾಯಾರ, ದೇವರ ಪಾಲು ಎಲ್ಲಿ ಹೋಯ್ತರಿ?"

"ಬೇಕಾದ್ರ ಅವನೇ ಬಂದು ಕೇಳಲಿ ಬಿಡ್ರಿ. ಹೇಳ್ತೇನಿ," ಅಂದಳು ಮಾರ್ಥಾ.

ಬರಲಿ ಅಂತ ನಾನೂ ಬಾಗಿಲು ಹಾಕಿಲ್ಲ. ಇಷ್ಟೊತ್ತಿನ ತನಕ ಬರೀ ಸೊಳ್ಳೆ ಬಂದಾವ.