ಎಡಗೈ ಎತ್ತು, ಯೇಮಾ

ಗೊಲಾಹುನ್, ಕೈಲಾಹುನ್ ಸೀಮೆ, ಸಿಯೆರಾ ಲಿಯೋನ್
೨೦೧೪ ಸೆಪ್ಟೆಂಬರ್, ಶುಕ್ರವಾರ, ನಮಾಜಾದ ಮೇಲೆ

ನನ್ನ ಮುದ್ದು ಮಗಳು ಯೇಮಾಗೆ,

ನಿನ್ನಮ್ಮ ಮಾಟು ಬರೆಯುತ್ತಿದ್ದೇನೆ. ಹೇಗಿದ್ದೀಯೆ? ಜ್ವರ ಇಳಿಯಿತೇ? ಗಂಜಿ ಹೊಟ್ಟೆಯಲ್ಲಿ ನಿಲ್ಲುತ್ತಿದೆಯೇ? ಅವರು ಕೊಡುವ ಉಪ್ಪು ಸಕ್ಕರೆ ನೀರು ಕುಡಿ. ಇಲ್ಲ, ಕುಡಿಯಬೇಡ. ಏನಂತ ಬರೆಯಲಿ? ಅದರಲ್ಲೇ ಏನೋ ಬೆರೆಸುತ್ತಾರೆ ಎಂದು ಊರೆಲ್ಲ ಮಾತು. ಕುಡಿಯದಿದ್ದರೆ ಒಣಗಿಹೋಗುತ್ತೀಯೆ. ನೀನೇ ಮೂಸಿ ನೋಡಿ ಕುಡಿ. ಇಲ್ಲಿ ನಾನೂ ನಿನ್ನ ಮಗ ಲಾಹಾಯ್ ಕೂಡ ಚೆನ್ನಾಗಿದ್ದೇವೆ ಎಂದು ಬರೆಯಹೋದೆ, ಪೆನ್ನು ನಿಂತಿತು. ಅದನ್ನು ಆಮೇಲೆ ಹೇಳುತ್ತೇನೆ.

ನಿನ್ನನ್ನು ಬಿಳಿ ಗಾಡಿಯಲ್ಲಿ ಆ ಎಬೋಲಾ ಡೇರೆಗೆ ಕರೆದುಕೊಂಡು ಹೋದ ಮೇಲೆ ನಾನು ಮಾರುವ ಅಲಸಂದೆ ವಡೆಯನ್ನು ನಾಯಿ ಕೂಡ ಮೂಸುವುದಿಲ್ಲ. ಜನ ನನ್ನ ನೆರಳು ದಾಟುವುದಕ್ಕೂ ಹೆದರುತ್ತಾರೆ. ನಿನ್ನ ಸೋದರತ್ತೆ ತೆನ್ನೆ ಒಬ್ಬಳೇ ಬರುತ್ತಾಳೆ, ಬಂದು ಚುಚ್ಚುತ್ತಾಳೆ. "ಅಲ್ಲಿಗೆ ಹೋದೋರು ನಡ್ಕೊಂಡು ಹೋದ್ರು, ಚೀಲದಲ್ಲಿ ಬಂದ್ರು. ಕೈಯಾರೆ ಮಗಳನ್ನ ಗಾಡಿ ಹತ್ತಿಸಿದ್ಯಲ್ಲ ಅತ್ತಿಗೆ, ನಿಂದು ಹೊಟ್ಟೆಯೋ ಕಲ್ಲೋ!" ನಾನು ಯಾರನ್ನು ನಂಬಲಿ? ಮೊದಲು ರೇಡಿಯೋದಲ್ಲಿ ಈ ರೋಗಕ್ಕೆ ಮದ್ದೇ ಇಲ್ಲ ಎಂದರು. ಈಗ ಬೇಗ ಡೇರೆಗೆ ಬನ್ನಿ ಎನ್ನುತ್ತಾರೆ. ಮದ್ದಿಲ್ಲದ ಮೇಲೆ ಬರುವುದೇಕೆ? ಹೆಣ ತೊಳೆಯಬೇಡಿ ಎಂದು ಇವತ್ತು ಇಮಾಮರು ಅಂದರು. ತೊಳೆಯದೆ ಹೂಳಿದರೆ ಪಾಪ ಎಂದು ಹೋದ ವರ್ಷ ಹೇಳಿದವರೂ ಅವರೇ. ನನ್ನದು ಮೂರನೇ ಕ್ಲಾಸಿಗೆ ನಿಂತ ತಲೆ, ಇಷ್ಟೆಲ್ಲ ಅದರಲ್ಲಿ ಹಿಡಿಯುವುದಿಲ್ಲ.

ಮೊನ್ನೆ ಡೇರೆಯ ನರ್ಸಮ್ಮ ನಿನ್ನ ಕಿವಿಗೆ ಫೋನು ಹಿಡಿದಾಗ ನೀನು "ಅಮ್ಮಾ, ಹುಷಾರಾಗ್ತಿದೀನಿ" ಎಂದೆ. ನಿಜವಾಗಿ ನೀನೇ ಅಂದೆಯೋ? ಒಲೆಯ ಉರಿ ಸಣ್ಣಗಾದರೂ ನನ್ನನ್ನು ಬೈಯುವವಳು, ನೀನು ಎಂದಾದರೂ ಅಷ್ಟು ಮೆತ್ತಗೆ ಮಾತಾಡಿದ್ದುಂಟೇ? "ಅದು ಅವಳಲ್ಲ, ಸತ್ತೋರ ಪರವಾಗಿ ಮಾತಾಡೋಕೆ ಅಲ್ಲೊಬ್ಳು ಹುಡುಗೀನ ಇಟ್ಟಿದಾರೆ" ಎಂದಳು ತೆನ್ನೆ. ಬಾಡಿಗೆ ಬೈಕು ಓಡಿಸುವ ವಾಂಡಿ ನಕ್ಕುಬಿಟ್ಟ. "ಆ ಹುಡುಗಿ ಗಟ್ಟಿಗಿತ್ತಿ ಬಿಡು ತೆನ್ನೆಮ್ಮಾ! ಇಡೀ ಸೀಮೆ ಅಮ್ಮಂದಿರಿಗೆಲ್ಲ ಒಬ್ಳೇ ಮಗಳು!" ತೆನ್ನೆ ಅವನ ಮೇಲೆ ಸೌಟು ಎಸೆದಳು. ನನಗೆ ನಗು ಬರಲಿಲ್ಲ.

ಈ ಕಾಗದ ತರುವವನು ಅವನೇ. ಒಳಗೆ ಹೋದ ಕಾಗದ ಹೊರಗೆ ಬರುವುದಿಲ್ಲ, ಸುಟ್ಟುಬಿಡುತ್ತಾರಂತೆ. ಆದ್ದರಿಂದ ಉತ್ತರ ಬರೆಯಬೇಡ. ಅಲ್ಲಿ ಎರಡು ಬೇಲಿ ಇವೆಯಂತೆ. ಸುಧಾರಿಸಿಕೊಂಡವರು ಒಳಬೇಲಿಯ ಹತ್ತಿರ ಬರಬಹುದಂತೆ, ಮನೆಯವರು ಹೊರಬೇಲಿಯ ಆಚೆ ನಿಲ್ಲಬೇಕಂತೆ. ನಾಳೆ ಬೆಳಿಗ್ಗೆ ಬಾ. ಅಷ್ಟು ದೂರದಿಂದ ನನ್ನ ಕಣ್ಣಿಗೆ ಮುಖ ಕಾಣದು, ನೀನೂ ಸೊರಗಿರುತ್ತೀಯೆ. ನನ್ನ ಕಡೆ ಎಡಗೈ ಎತ್ತಿ ಬೀಸು. ಎಡಗೈಯಲ್ಲಿ ಅನ್ನ ಕಲಸಿದಾಗೆಲ್ಲ ನಿನಗೆ ಸೌಟಿನ ಏಟು ಬೀಳುತ್ತಿತ್ತಲ್ಲ, ಆ ಕೈ. ಸಂಬಳಕ್ಕಿಟ್ಟ ಯಾವ ಹುಡುಗಿಯೂ ತಾಯಿಯ ವಯಸ್ಸಿನವಳಿಗೆ ಎಡಗೈ ಬೀಸಲಾರಳು. ನೀನು ಬೀಸುತ್ತೀಯೆ. ಈ ಒಂದು ಸಲ ಏನೂ ಅನ್ನುವುದಿಲ್ಲ.

ತೆನ್ನೆ ಬಾಯಿ ಕೆಟ್ಟದಾದರೂ ನಿನಗಾಗಿ ದುವಾ ಮಾಡುತ್ತಾಳೆ. ದೇವರು ನಿನ್ನ ತಲೆಯ ಮೇಲೆ ಕೈಯಿಡಲಿ. ನನಗಂತೂ ಡೇರೆಯವರು ಇಡಲು ಬಿಡುವುದಿಲ್ಲ.

ನಿನ್ನ ಅಮ್ಮ,
ಮಾಟು

ತಾ.ಕ.: ವಾಂಡಿ ಬೈಕು ಸ್ಟಾರ್ಟ್ ಮಾಡಿದ ಮೇಲೆ ಹೊಳೆಯಿತು. ನಿನ್ನ ಕೈಗೆ ಕೊಡುವ ಮೊದಲು ಅವರು ಇದನ್ನು ಓದಿದರೆ? ಆಗ ಎಡಗೈಯನ್ನು ಯಾರಾದರೂ ಎತ್ತಿಯಾರು. ಬೇರೆ ಹಾಳೆ ಇಲ್ಲ. ಎಡಗೈ ಬೇಡ, ನನ್ನನ್ನು ಬೈಯಿ. ಮನೆಯಲ್ಲಿ ಬೈಯುವ ಹಾಗೆಯೇ ಬೈಯಿ, ಅದನ್ನು ಯಾರಿಗೂ ಕಲಿಸಿಕೊಡಲಾಗದು. ಲಾಹಾಯ್ ಮೈ ಬೆಳಿಗ್ಗೆಯಿಂದ ಸುಡುತ್ತಿದೆ. ಹೊಲದ ಗುಡಿಸಲಲ್ಲಿ ಬಚ್ಚಿಡೋಣ ಎನ್ನುತ್ತಾಳೆ ತೆನ್ನೆ. ನಾನು ಅವನನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತೇನೆ. ನೀನು ಬೈದರೆ ಗಂಟು ಬಿಚ್ಚಿ ಅವರ ಕೈಗೆ ಕೊಡುತ್ತೇನೆ. ಮೆತ್ತಗೆ ಮಾತಾಡಿದರೆ ತಿರುಗಿ ನಡೆದುಬಿಡುತ್ತೇನೆ. ಮೈಯಲ್ಲಿ ಶಕ್ತಿ ಇಲ್ಲದಿದ್ದರೂ ಹೇಗಾದರೂ ಮಾಡಿ ಬೈಯಿ, ಮಗಳೇ.