ರೇಣುಕಪ್ಪನವರಿಗೆ ನಾನು ಬರೆದುಕೊಟ್ಟ ಭಾಷಣ

ನರಸಿಂಹರಾಜಪುರ
೯ ಆಗಸ್ಟ್ ೧೯೮೧, ಭಾನುವಾರ

ಪ್ರೀತಿಯ ತಂಗಿ ನೀಲಾ,

೧೯೭೩ರ ಶ್ರಾವಣದಲ್ಲಿ ಈ ಊರು, ನೀನು ಕೊಲ್ಲದ ಹೆಣ್ಣುಮಗಳನ್ನು ನೀನೇ ಕೊಂದೆ ಎಂದು ತೀರ್ಮಾನಿಸಿ ನಿನ್ನನ್ನು ಹೊರಗೆ ಹಾಕಿತು. ಮೊದಲ ಸಾಲಿನಲ್ಲೇ ಇದನ್ನು ಬರೆದುಬಿಟ್ಟರೆ ಉಳಿದ ಮಾತು ನನಗೆ ನೆಟ್ಟಗೆ ಬರುತ್ತದೆ. ಈಗ ಕ್ಷೇಮ ಕೇಳುತ್ತೇನೆ. ಹೇಗಿದ್ದೀಯಾ? ಮಲೇರಿಯಾ ಮತ್ತೆ ಬರಲಿಲ್ಲ ತಾನೇ? ಜಾಂಬಿಯಾದಲ್ಲಿ ಈಗ ಚಳಿಗಾಲ ಮುಗಿಯುತ್ತಿರಬೇಕು, ಸ್ವೆಟರನ್ನು ಬೇಗ ಪೆಟ್ಟಿಗೆಗೆ ಹಾಕಬೇಡ. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮಳೆ ಹಿಡಿದಾಗ ಮುಷ್ಕರ ಹೂಡುತ್ತದೆ. ಕಣ್ಣು ಸರಿಯಿದೆ, ಜ್ಞಾಪಕಶಕ್ತಿ ಅದಕ್ಕಿಂತ ಚೆನ್ನಾಗಿದೆ. ಹೇಳಬೇಕಾದದ್ದು ಬಹಳ ಇರುವುದರಿಂದ ಈ ಸಲ ನೀಲಿ ಏರೋಗ್ರಾಮ್ ಬಿಟ್ಟು ದೊಡ್ಡ ಕವರನ್ನೇ ತಂದಿದ್ದೇನೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಬೇಸರಪಡಬೇಡ. ಪ್ರತಿವರ್ಷ ಶ್ರಾವಣ ಬಂದಾಗ ಇದನ್ನೆಲ್ಲ ಮೊದಲಿಂದ ಒಮ್ಮೆ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಒಂದು ವಿವರವೂ ಸವೆದುಹೋಗಬಾರದು. ಅಂದು ಗೋಕುಲಾಷ್ಟಮಿಯ ಹಿಂದಿನ ದಿನ. ಮರದ ವ್ಯಾಪಾರಿ ರೇಣುಕಪ್ಪನವರ ಮಗಳು ಗೋದಾವರಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅವರೇ ಅಧ್ಯಕ್ಷರಾಗಿದ್ದ ಗಂಗಾಂಬಿಕಾ ಹೆರಿಗೆ ಮನೆಯಲ್ಲಿ ನೀನು ಮಿಡ್‌ವೈಫ್. ಬೆಳಿಗ್ಗೆ ನೋವು ಶುರುವಾದಾಗ ನಿನ್ನನ್ನು ಮನೆಗೇ ಕರೆಸಿದರು. ನೀನು ನೋಡಿ, ಎಲ್ಲ ಸರಿಯಾಗಿದೆ, ಚೊಚ್ಚಲಾದ್ದರಿಂದ ನಿಧಾನವಾಗುತ್ತದೆ, ಕಾಯೋಣ ಎಂದೆ. ಕಾಯಲು ಯಜಮಾನರು ತಯಾರಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಕೃತ್ತಿಕಾ ಮುಗಿದು ರೋಹಿಣಿ ನಕ್ಷತ್ರ ಬರುತ್ತಿತ್ತು. ರೋಹಿಣಿಯಲ್ಲಿ ಗಂಡು ಹುಟ್ಟಿದರೆ ಸೋದರಮಾವನಿಗೆ ಕಂಟಕವೆಂದು ನಂಬಿಕೆ; ಕೃಷ್ಣ ಹುಟ್ಟಿ ಕಂಸನಿಗೆ ಏನಾಯಿತೆಂದು ಎಲ್ಲರಿಗೂ ಗೊತ್ತಿದೆಯಲ್ಲ. ಹುಟ್ಟಲಿದ್ದ ಮಗುವಿನ ಸೋದರಮಾವ ಎಂದರೆ ರೇಣುಕಪ್ಪನವರ ಒಬ್ಬನೇ ಮಗ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆ, ಆದರೂ ಆ ದಿನ ಆಳಿದ್ದು ಗೋಡೆಯ ಮೇಲಿದ್ದ ಪಂಚಾಂಗ. ಕತ್ತಲಾಗುವ ಮೊದಲೇ ಮಗು ಹೊರಗೆ ಬರಬೇಕಿತ್ತು.

ನೋವು ಹೆಚ್ಚಿಸುವ ಸೂಜಿ ಹಾಕು ಎಂದು ನಿನಗೆ ಹೇಳಿದರು. ಗರ್ಭದ ಬಾಯಿ ಇನ್ನೂ ತೆರೆದಿಲ್ಲ, ಈಗ ಹಾಕಿದರೆ ಗರ್ಭವೇ ಒಡೆಯಬಹುದು, ನಾನು ಹಾಕುವುದಿಲ್ಲ ಎಂದೆ. “ಸಂಬಳ ಕೊಡೋದು ಯಾರು ಅಂತ ನೆನಪಿದೆಯೇನಮ್ಮ?” ಎಂದು ಕೇಳಿ ನಿನ್ನನ್ನು ಜಗಲಿಯಲ್ಲಿ ಕೂರಿಸಿದರು. ಕಾರು ಕಳಿಸಿ ಬೇರೆ ಊರಿನ ಡಾಕ್ಟರನ್ನು ಕರೆಸಿದರು. ಆತ ಈಗಿಲ್ಲ, ಹೆಸರು ಬರೆಯುವುದಿಲ್ಲ. ಬಂದವನು ಸೂಜಿ ಹಾಕಿ ಕೈ ತೊಳೆದುಕೊಂಡ. ಮತ್ತೆ ನಿನ್ನನ್ನು ಒಳಗೆ ಕರೆದದ್ದು ಗೋದಾವರಿಯ ರಕ್ತ ನಿಲ್ಲದೆ ಹೋದಾಗ. ದೀಪ ಹಚ್ಚುವ ಮೊದಲೇ ತಾಯಿಯೂ ಹೋದಳು, ಮಗುವೂ ಅಳಲಿಲ್ಲ. ಗಂಡುಮಗು. ಯಜಮಾನರು ಬಯಸಿದ ಹಾಗೆ ಕೃತ್ತಿಕಾದಲ್ಲೇ ಎಲ್ಲ ಮುಗಿಯಿತು.

ಮರುವಾರ ನಿನ್ನ ವಿಚಾರಣೆ ಮಾಡಿದ ಸಮಿತಿ ನೆನಪಿದೆಯಾ? ಮರದವರು ಒಬ್ಬರು, ಅಕ್ಕಿ ಗಿರಣಿಯವರು ಒಬ್ಬರು, ಜವಳಿಯವರು ಇಬ್ಬರು. ಹೆರಿಗೆ ಕೋಣೆಯ ಹೊಸ್ತಿಲು ದಾಟಿದವರು ಒಬ್ಬರೂ ಇಲ್ಲ. ಮಗಳನ್ನು ಕಳೆದುಕೊಂಡ ತಂದೆಯೇ ಅಧ್ಯಕ್ಷರಾಗಿ ಕುಳಿತಿದ್ದರು, ಅವರ ಮುಖ ನೋಡಿ ಉಳಿದವರೆಲ್ಲ ತಲೆ ತಗ್ಗಿಸಿದ್ದರು. ತಾನು ಬರುವ ಹೊತ್ತಿಗೆ ಎಲ್ಲ ಕೈಮೀರಿತ್ತು ಎಂದ ಡಾಕ್ಟರು. ಸೂಜಿ ಹಾಕಿದ್ದು ನೀನು ಎಂದಾಯಿತು. ಮೈಸೂರಿನಲ್ಲಿ ಕಲಿತು ಪಾಸಾಗಿದ್ದೇನೆ, ನರ್ಸುಗಳ ಕೌನ್ಸಿಲ್ಲಿನಲ್ಲಿ ನನ್ನ ಹೆಸರಿದೆ, ನನ್ನ ಕಸುಬು ಗೊತ್ತಿರುವ ಒಬ್ಬರನ್ನಾದರೂ ಕರೆಸಿ ವಿಚಾರಿಸಿ ಎಂದು ನೀನು ಕೇಳಿದೆ. ಅದಕ್ಕೆ ರೇಣುಕಪ್ಪನವರು ಅಂದ ಮಾತು ನನ್ನ ಕಿವಿಯಲ್ಲಿ ಹಾಗೇ ಇದೆ: “ಅಂಥೋರು ಯಾರಿದಾರೆ ನಿನಗೆ? ಕರಿ ನೋಡೋಣ.” ನೀನು ಯಾರನ್ನೂ ಕರೆಯಲಿಲ್ಲ, ಕರೆಯಲು ಯಾರೂ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ನಾನು ಬಾಯಿ ತೆರೆದದ್ದೇ ತಡ, “ಟೀಚರಮ್ಮ, ಇದು ನಿಮ್ಮ ಶಾಲೆ ಅಲ್ಲ, ಆಚೆ ಇರಿ” ಎಂದು ಬಾಗಿಲು ಹಾಕಿದರು. ಅವ್ವ ಬದುಕಿರುವವರೆಗೂ ರೇಣುಕಪ್ಪನವರ ಮನೆಯ ಮುಂದಿನ ರಸ್ತೆ ತುಳಿಯಲಿಲ್ಲ, ಸಂತೆಗೆ ಹೋಗಲು ಕೆರೆ ಸುತ್ತಿಕೊಂಡು ಹೋಗುತ್ತಿದ್ದಳು.

ನೀನು ದೇಶ ಬಿಟ್ಟ ಮೇಲೆ ನನ್ನ ಮೇಲೆ ಸಿಟ್ಟಾಗಿ ಒಂದು ವರ್ಷ ಕಾಗದ ಬರೆಯಲಿಲ್ಲ. ನಿನ್ನನ್ನು ಓಡಿಸಿದವನಿಗೇ ನಾನು ಭಾಷಣ ಬರೆದುಕೊಡುತ್ತೇನೆಂದು ಯಾರೋ ನಿನಗೆ ತಿಳಿಸಿದ್ದರು. ಸುಳ್ಳಲ್ಲ. ಈ ಊರಿನ ದೊಡ್ಡಮನುಷ್ಯರಿಗೆಲ್ಲ ಭಾಷಣ ಬರೆದುಕೊಡುವುದು ನಾನೇ. ಸಹಕಾರಿ ಸಪ್ತಾಹ, ಸ್ವಾತಂತ್ರ್ಯ ದಿನ, ಗಣಪತಿ ಪೆಂಡಾಲು, ಏನೇ ಇರಲಿ, ಹಿಂದಿನ ದಿನ ಆಳೊಬ್ಬ ಬಂದು “ಟೀಚರಮ್ಮ, ಎರಡು ಪುಟ” ಎನ್ನುತ್ತಾನೆ. ರೇಣುಕಪ್ಪನವರಿಗೂ ಬರೆದುಕೊಟ್ಟೆ, ಒಂದು ವರ್ಷವೂ ಬಿಡದೆ. ಯಾಕೆಂದು ಆಗ ಹೇಳಲಿಲ್ಲ, ಈಗ ಹೇಳುತ್ತೇನೆ. ಆ ಮನುಷ್ಯ ಕಾಗದವನ್ನು ಮೊದಲೇ ಓದಿ ನೋಡುವುದಿಲ್ಲ. ವೇದಿಕೆ ಹತ್ತಿ, ಕನ್ನಡಕ ಏರಿಸಿ, ಅಕ್ಷರ ಅಕ್ಷರ ಓದಿಬಿಡುತ್ತಾರೆ. ಒಮ್ಮೆ ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ನಾನು ಅಂಚಿನಲ್ಲಿ ಬರೆದಿದ್ದ “ಇಲ್ಲಿ ಸ್ವಲ್ಪ ನಿಲ್ಲಿಸಿ ನೀರು ಕುಡಿಯಿರಿ” ಎಂಬುದನ್ನೂ ಮೈಕಿನಲ್ಲಿ ಓದಿ, ಆಮೇಲೆ ನೀರು ಕುಡಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಆ ದಿನವೇ ನಿಶ್ಚಯಿಸಿಕೊಂಡೆ, ಇವರ ಈ ಅಭ್ಯಾಸ ಬಿಟ್ಟುಹೋಗಬಾರದು, ನನ್ನ ಕೈಬರಹದ ಮೇಲೆ ಇವರಿಗಿರುವ ನಂಬಿಕೆ ಕೂದಲೆಳೆಯಷ್ಟೂ ಸಡಿಲಾಗಬಾರದು ಎಂದು. ಇಷ್ಟು ವರ್ಷ ಒಳ್ಳೊಳ್ಳೆಯ ಭಾಷಣ ಬರೆದು ಆ ನಂಬಿಕೆಯನ್ನು ಕಾಪಾಡಿದ್ದೇನೆ. ಬಹುವಚನ ಕೊಟ್ಟು ಬರೆಯುತ್ತಿರುವುದೂ ಆ ಅಭ್ಯಾಸದಿಂದಲೇ, ಗೌರವ ಎಂದು ತಿಳಿಯಬೇಡ.

ಈಗ ಸುದ್ದಿಗೆ ಬರುತ್ತೇನೆ. ಎರಡು ವರ್ಷದ ಹಿಂದೆ ನೀನು ಬರೆದಿದ್ದೆ, ಅಲ್ಲಿಯ ಮಿಡ್‌ವೈಫುಗಳು ಮೊದಲ ದಿನವೇ “ನಿಮ್ಮ ಕಡೆ ಸಂಘ ಯಾವುದು?” ಎಂದು ಕೇಳಿದರು, ಉತ್ತರ ಕೊಡಲು ನಾಚಿಕೆಯಾಯಿತು ಎಂದು. ಅಲ್ಲಿ ಒಬ್ಬಳ ಮೇಲೆ ದೂರು ಬಂದರೆ ಅದೇ ಕಸುಬಿನವರು ಕುಳಿತು ವಿಚಾರಿಸುತ್ತಾರೆ, ಜಗತ್ತಿನ ಎಷ್ಟೋ ದೇಶಗಳ ಸಂಘಗಳು ಸೇರಿ ದೊಡ್ಡದೊಂದು ಒಕ್ಕೂಟವಾಗಿದೆ ಎಂದೂ ಬರೆದಿದ್ದೆ. ಆ ಕಾಗದವನ್ನು ಸಯೀದಾಗೆ ಓದಿ ಹೇಳಿದೆ. ಚಪ್ಪಲಿ ಅಂಗಡಿ ಕಮಾಲುದ್ದೀನ್ ಸಾಹೇಬರ ಮಗಳು, ನನ್ನ ಶಿಷ್ಯೆ, ನಿನ್ನ ಹಾಗೇ ತರಬೇತಿ ಮುಗಿಸಿ ಈಗ ಬಾಳೆಹೊನ್ನೂರು ಕಡೆಯ ಹಳ್ಳಿಗಳನ್ನು ಸುತ್ತುತ್ತಾಳೆ. ಕೇಳಿ ಮುಗಿಸಿ “ಟೀಚರ್, ನಾಳೆ ನನಗೂ ಹೀಗೇ ಆಗಬಹುದಲ್ಲ” ಎಂದಳು. ಅಲ್ಲಿಂದ ಹಿಡಿದ ಹಟ. ಕೊಪ್ಪ, ಶೃಂಗೇರಿ, ನಮ್ಮ ತಾಲ್ಲೂಕು, ಮೂರನ್ನೂ ಬಸ್ಸಿನಲ್ಲಿ ತಿರುಗಿ ಮಿಡ್‌ವೈಫುಗಳನ್ನೆಲ್ಲ ಒಟ್ಟು ಹಾಕಿದ್ದಾಳೆ. ಕಲಿತವರು ಮಾತ್ರ ಸಾಕೇ ಎಂಬ ಜಗಳ ನಡೆಯಿತು. ಕಡೆಗೆ ಹಳ್ಳಿಯ ಸೂಲಗಿತ್ತಿಯರನ್ನೂ ಸೇರಿಸಿಕೊಂಡು ಪಾಠ ಮಾಡುವುದು ಎಂದಾಯಿತು. ಕಿಗ್ಗದ ಯಮುನಮ್ಮ ಬಂದವಳೇ, “ನಂಗೆ ಎಂತ ಕಲಿಸ್ತಿ ಮಾರಾಯ್ತಿ? ನಿನ್ನಂಥೋರನ್ನ ಎಷ್ಟು ಜನರನ್ನ ಎತ್ತಿದೀನಿ ಗೊತ್ತುಂಟಾ?” ಎಂದು ಸಯೀದಾಳನ್ನು ಗದರಿದಳು. “ಎತ್ತಿದ್ದೀರಿ ಅಜ್ಜಿ, ಹೊಕ್ಕಳಬಳ್ಳಿಯನ್ನ ಎಲೆ ಅಡಿಕೆ ಕತ್ತರೀಲಿ ಕತ್ತರಿಸಿದ್ದೀರಿ” ಎಂದು ಇವಳೂ ಬಿಡಲಿಲ್ಲ. ಮುದುಕಿ ಮುನಿಸಿಕೊಂಡು ಹೊರಟಳು, ಮುಂದಿನ ತರಗತಿಗೆ ಎಲ್ಲರಿಗಿಂತ ಮೊದಲು ಬಂದು ಕೂತಳು. ಈಗ ಅವಳ ಚೀಲದಲ್ಲಿ ಕುದಿಸಿದ ದಾರ, ಹೊಸ ಬ್ಲೇಡು, ಸೋಪು.

ಸಂಘಕ್ಕೆ ನಿಯಮಗಳಾಗಿವೆ. ಬರವಣಿಗೆ ನನ್ನದು, ಜಗಳ ಅವರೆಲ್ಲರದು. ವರ್ಷವರ್ಷ ಮತ್ತೆ ತರಬೇತಿ ಆಗಬೇಕು, ಕಲಿತವರ ಹೆಸರು ಕೌನ್ಸಿಲ್ಲಿನಲ್ಲಿ ಇರಲೇಬೇಕು, ತಪ್ಪು ಮಾಡಿದವಳನ್ನು ಮುಚ್ಚಿಡಬಾರದು. ಯಾರ ಮೇಲೆ ದೂರು ಬಂದರೂ ಆ ಕಸುಬು ಬಲ್ಲವರಿಲ್ಲದೆ ವಿಚಾರಣೆ ನಡೆಯಕೂಡದು, ದೂರು ಕೊಟ್ಟವರು ಆ ಪೀಠದಲ್ಲಿ ಕೂರಕೂಡದು. ಈ ಕೊನೆಯದನ್ನು ಬರೆಯುವಾಗ ಪೆನ್ನಿನ ನಿಬ್ಬು ಬಾಗಿತು.

ಇದೇ ಆಗಸ್ಟ್ ಕೊನೆಯ ಭಾನುವಾರ ಉದ್ಘಾಟನೆ. ಹತ್ತು ದಿನದ ಹಿಂದೆ ಸಯೀದಾ ಅಳುಮುಖ ಮಾಡಿಕೊಂಡು ಬಂದಳು. ಸಭಾಭವನ ರೇಣುಕಪ್ಪನವರದಂತೆ, ಬೇರೆ ಕಡೆ ಅಷ್ಟು ಜಾಗವಿಲ್ಲವಂತೆ, ಉದ್ಘಾಟನೆ ಅವರ ಕೈಯಿಂದಲೇ ಆಗಬೇಕೆಂದು ಊರಿನವರ ಒತ್ತಾಯವಂತೆ. “ನಾವು ಬೀದಿಯಲ್ಲಿ ಬೇಕಾದರೂ ಮಾಡ್ತೀವಿ ಟೀಚರ್, ಆ ಮನುಷ್ಯ ಬೇಡ” ಎಂದಳು. ನಾನು ಹೇಳಿದೆ, ಬರಲಿ. ಹಾರ ದೊಡ್ಡದೇ ತರಿಸು. ಮೈಕು ಚೆನ್ನಾಗಿರಲಿ, ಬಸ್ ಸ್ಟ್ಯಾಂಡಿನವರೆಗೂ ಕೇಳಿಸಬೇಕು. ಮರುವಾರ ರೇಣುಕಪ್ಪನವರ ಆಳು ಬಂದು ಎಂದಿನಂತೆ “ಟೀಚರಮ್ಮ, ಎರಡು ಪುಟ. ಯಜಮಾನ್ರು ಬೇಗ ಬೇಕು ಅಂದ್ರು” ಎಂದ. ಮರೆತೇಬಿಟ್ಟಿದ್ದಾರೆ ನೀಲಾ. ನಾನು ಯಾರ ಅಕ್ಕ ಎನ್ನುವುದೇ ಅವರಿಗೆ ನೆನಪಿಲ್ಲ. ಅವರು ಮರೆತದ್ದಕ್ಕೇ ನನಗೆ ಹೆಚ್ಚು ಉರಿಯುತ್ತದೆ.

ನಿನ್ನೆ ಸಂಜೆ ಕೂತು ಬರೆದು ಮುಗಿಸಿದೆ. ದುಂಡಗಿನ ಅಕ್ಷರ, ದೊಡ್ಡದಾಗಿ. ಮೊದಲ ಪುಟದಲ್ಲಿ ತಾಯ್ತನ, ಸೇವೆ, ತ್ಯಾಗ, ಅವರಿಗೆ ಪ್ರಿಯವಾದ ಮಾತುಗಳೆಲ್ಲ ಇವೆ. ಎರಡನೆಯ ಪುಟದಲ್ಲಿ ಸಂಘದ ನಿಯಮಗಳನ್ನು ಅವರೇ ಓದುತ್ತಾರೆ, ದೂರು ಕೊಟ್ಟವರು ಪೀಠದಲ್ಲಿ ಕೂರಕೂಡದು ಎಂಬುದನ್ನೂ ಸೇರಿಸಿ. ಕಡೆಯ ಸಾಲು ಹೀಗಿದೆ: “ಈ ಊರಿನಲ್ಲಿ ಹಿಂದೆ ಯಾವ ಸೂಲಗಿತ್ತಿಗಾದರೂ ಅನ್ಯಾಯವಾಗಿದ್ದರೆ, ಆ ಬಗ್ಗೆ ಸಭೆಯಲ್ಲಿ ಯಾರು ಪ್ರಶ್ನೆ ಕೇಳಿದರೂ ಇಲ್ಲಿಯೇ ನಿಂತು ಉತ್ತರ ಕೊಡುತ್ತೇನೆ.” ಅವರ ಬಾಯಲ್ಲಿ ಒಂದು ಸುಳ್ಳನ್ನೂ ಇಟ್ಟಿಲ್ಲ. ಓದಿ ಮುಗಿಸಿ ಕನ್ನಡಕ ತೆಗೆಯುವಷ್ಟರಲ್ಲಿ ನಾನು ಎದ್ದು ನಿಲ್ಲುತ್ತೇನೆ. ಇದು ಶಾಲೆಯಲ್ಲ, ಗೊತ್ತು. ಈ ಸಲ ಬಾಗಿಲು ಹಾಕುವವರು ಸಯೀದಾ ಮತ್ತು ಯಮುನಮ್ಮ, ಇಬ್ಬರೂ ಬಾಗಿಲ ಬಳಿಯೇ ಕೂರುತ್ತಾರೆ.

ದ್ವೇಷ ಬೇಡ ಅಕ್ಕಾ ಎಂದು ನೀನು ಬರೆಯುತ್ತೀಯ, ಗೊತ್ತು. ನಿನ್ನ ಕೈ ಮಕ್ಕಳನ್ನು ಎತ್ತಿ ಎತ್ತಿ ಮೆತ್ತಗಾಗಿದೆ. ನನ್ನದು ತಪ್ಪಿನ ಕೆಳಗೆ ಕೆಂಪು ಗೆರೆ ಎಳೆದ ಕೈ. ಗೆರೆ ಎಳೆಯದೆ ಬಿಟ್ಟ ತಪ್ಪು ಇದೊಂದೇ ಉಳಿದಿದೆ. ಈ ಕಾಗದ ನಿನಗೆ ಮುಟ್ಟುವ ಹೊತ್ತಿಗೆ ಸಭೆ ನಾಳೆಯೋ ನಾಡಿದ್ದೋ ಇರುತ್ತದೆ. ಆ ದಿನ ಅಲ್ಲಿ ಯಾರದ್ದಾದರೂ ಹೆರಿಗೆ ಮಾಡಿಸುತ್ತಿದ್ದರೆ ಊರಿನ ಕಡೆ ಯೋಚನೆ ಹರಿಸಬೇಡ, ನಿನ್ನ ಕೆಲಸ ನೋಡು. ಇಲ್ಲಿಯದನ್ನು ನಾನು ನೋಡಿಕೊಳ್ಳುತ್ತೇನೆ. ಸಯೀದಾ ಸಲಾಂ ಹೇಳಿದ್ದಾಳೆ. ಯಮುನಮ್ಮ, ಆ ದೇಶದಲ್ಲಿ ಬಾಣಂತಿಗೆ ಏನು ತಿನ್ನಿಸುತ್ತಾರೆ ಕೇಳು ಎಂದಿದ್ದಾಳೆ. ಅವ್ವನ ಫೋಟೋಗೆ ನಿನ್ನ ಹೆಸರಿನಲ್ಲಿ ದಿನಾ ಒಂದು ಹೂ ಇಡುತ್ತೇನೆ. ನೂರು ಕಾಲ ಚೆನ್ನಾಗಿರು.

ನಿನ್ನ ಅಕ್ಕ,
ಪ್ರೇಮ

ತಾ.ಕ.: ಕವರು ಅಂಟಿಸುತ್ತಿದ್ದಾಗ ಹಿತ್ತಿಲ ಬಾಗಿಲಿಂದ ಶಂಕರಮ್ಮ ಬಂದರು. ರೇಣುಕಪ್ಪನವರ ಹೆಂಡತಿ, ಗೋದಾವರಿಯ ತಾಯಿ. ಮಗಳು ಹೋದ ಮೇಲೆ ಯಾರ ಮನೆಗೂ ಕಾಲಿಟ್ಟವರಲ್ಲ. ನೀರು ಕೊಟ್ಟರೆ ಕುಡಿಯಲಿಲ್ಲ. “ಅವರ ಭಾಷಣ ಬರೆದಾಯ್ತಾ?” ಎಂದು ಕೇಳಿ, ಮೇಜಿನ ಮೇಲಿದ್ದ ಅದನ್ನು ಎತ್ತಿಕೊಂಡು ಎರಡು ಪುಟವನ್ನೂ ಓದಿದರು. ಎಲ್ಲ ಕೆಟ್ಟಿತು ಎಂದುಕೊಂಡೆ. ಅವರು ಅದನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, “ಆಳಿನ ಕೈಲಿ ಕಳಿಸಬೇಡಿ, ನಾನೇ ಅವರ ಕನ್ನಡಕದ ಹತ್ರ ಇಡ್ತೀನಿ” ಎಂದರು. ಬಾಗಿಲ ತನಕ ಹೋಗಿ ತಿರುಗಿ ನಿಂತರು. “ಪ್ರೇಮಕ್ಕ, ಆವತ್ತು ಒಳಗೆ ಮಗಳ ಕೈ ಹಿಡಿದುಕೊಂಡು ಕೂತಿದ್ದೋಳು ನಾನು. ನೀಲಾ ಬೇಡ ಅಂದಿದ್ದು ಕೇಳಿದೀನಿ, ಹಾಕಿ ಅಂದಿದ್ದು ಯಾರು ಅಂತಾನೂ ಕೇಳಿದೀನಿ. ಸಭೇಲಿ ನೀವು ಏಳಬೇಡಿ. ಪ್ರಶ್ನೆ ನಂದು.” ಅದನ್ನು ನನ್ನ ಕೈಲಿ ಬರೆಸಿಕೊಂಡು ಹೋದರು. ಅವರು ಹೇಳಿದ ಹಾಗೆಯೇ ನಿನಗೂ ಬರೆಯುತ್ತೇನೆ: “ರೀ, ಮಗನ್ನ ಉಳಿಸಿಕೊಳ್ಳೋಕೆ ನನ್ನ ಮಗಳಿಗೆ ಸೂಜಿ ಹಾಕಿಸಿದ್ದು ಯಾರು? ಇಷ್ಟು ಜನ ಕೂತಿದಾರೆ, ಮೈಕು ನಿಮ್ಮ ಮುಂದೇ ಇದೆ. ಹೇಳಿ.”