ನೀಲಿ ಅಂಗಿಗೆ ನಿಂತ ಬಸ್ಸು

ಆಶ್ರಯ ಕಾಲೊನಿ, ಆನಂದಪುರ
೧೯ ಜನವರಿ ೨೦೨೬, ಸೋಮವಾರ

ನಮ್ಮನೆಯವರಿಗೆ,

ಹೇಮಾವತಿ ಮಾಡುವ ನಮಸ್ಕಾರ. ಹೇಗಿದ್ದೀರಿ? ಉಡುಪಿಯ ಸೆಕೆಗೆ ನಿಮ್ಮ ಬೆನ್ನ ತುಂಬ ಬೆವರುಗುಳ್ಳೆ ಎದ್ದಿದೆ ಎಂದು ನಿಮ್ಮ ಜೊತೆ ಕೆಲಸ ಮಾಡುವ ಸುಬ್ಬಯ್ಯ ಹೇಳಿದ. ಸಿಮೆಂಟ್ ಧೂಳಿನ ಕೆಮ್ಮು ಕಡಿಮೆಯಾಯಿತೇ? ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದರೆ ನೀವು ಕೇಳುವ ಜನವಲ್ಲ, ಆದರೂ ಹೇಳುತ್ತೇನೆ. ಅತ್ತೆ ಆರಾಮಾಗಿದ್ದಾರೆ, ಮಂಡಿನೋವೊಂದು ಬಿಟ್ಟರೆ. ಬಿಪಿ ಮಾತ್ರೆ ತಪ್ಪಿಸಿಲ್ಲ. ನಿಮ್ಮ ಫೋನು ನೀರಿನ ಡ್ರಮ್ಮಿಗೆ ಬಿದ್ದಾಗಿನಿಂದ ಮೇಸ್ತ್ರಿಯ ಫೋನಿಗೆ ಮಾಡಬೇಕು, ಆ ಮಹಾರಾಯ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಳ್ಳುತ್ತಾನೆ. ಗಂಡ ಹೆಂಡತಿ ಜಗಳವಾಡಲಿಕ್ಕೂ ಒಂದು ಮರೆ ಬೇಡವೇ? ಅದಕ್ಕೇ ಈ ಪತ್ರ. ಸುಬ್ಬಯ್ಯ ಹಬ್ಬದ ರಜೆ ಮುಗಿಸಿ ನಾಳೆ ನಿಮ್ಮಲ್ಲಿಗೇ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ನಿಮ್ಮ ನೀಲಿ ತುಂಬುತೋಳಿನ ಅಂಗಿಯನ್ನು ಕೊಟ್ಟು ಕಳಿಸು ಎಂದು ಅವನ ಹತ್ತಿರ ಹೇಳಿದ್ದಿರಂತೆ. ಆ ಅಂಗಿಯದ್ದೇ ಕತೆ ಇದು. ಕೂತು ಓದಿ.

ನಮ್ಮ ಕಾಲೊನಿಯ ಮುಂದೆ ಬೆಳಗಿನ ಸರ್ಕಾರಿ ಬಸ್ ನಿಲ್ಲುತ್ತಿಲ್ಲ. 'ನಾನಿದ್ದಾಗ ನಿಲ್ಲುತ್ತಿತ್ತಲ್ಲ' ಎನ್ನುತ್ತೀರಿ. ನೀವು ನಿಂತಿದ್ದಿರಿ, ಅದಕ್ಕೇ ಅದೂ ನಿಂತಿತು. ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲವೆಂದಾದ ಮೇಲೆ, ಬರೀ ಹೆಂಗಸರು ನಿಂತಿದ್ದರೆ ಆ ಡ್ರೈವರನ ಕಣ್ಣಿಗೆ ನಾವು ಬೀಳುವುದೇ ಇಲ್ಲ. ಕೈ ಅಡ್ಡ ಹಿಡಿದರೆ ಆ ಕಡೆ ಮುಖ ತಿರುಗಿಸಿ, ಹಾರ್ನ್ ಬಾರಿಸಿ, ನಮ್ಮ ಬಾಯಿಗೆ ಧೂಳು ತುಂಬಿ ಹೋಗುತ್ತಾನೆ. ಜೊತೆಗೊಬ್ಬ ಗಂಡಸಿದ್ದರೆ ಸಾಕು, ಬ್ರೇಕು ತಾನಾಗಿ ಬೀಳುತ್ತದೆ. ಇಲ್ಲಿಯ ಗಂಡಸರೆಲ್ಲ ನಿಮ್ಮ ಹಾಗೆ ಘಟ್ಟದ ಕೆಳಗೆ ದುಡಿಯಲು ಹೋಗಿದ್ದಾರೆ. ಉಳಿದ ಪುಣ್ಯಾತ್ಮರು ಆ ಹೊತ್ತಿಗೆ ಹಾಸಿಗೆಯಿಂದ ಏಳುವವರಲ್ಲ. ಮನೆ ಹಂಚುವ ದಿನ ಎಮ್ಮೆಲ್ಲೆ ನಮ್ಮನ್ನು ಸಾಲಾಗಿ ನಿಲ್ಲಿಸಿ ಫೋಟೋ ಹಿಡಿಸಿಕೊಂಡರಲ್ಲ, ಬಸ್ ಸ್ಟಾಪು ಆಮೇಲೆ ಎಂದರಲ್ಲ, ಆ ಆಮೇಲೆ ಇನ್ನೂ ಬಂದಿಲ್ಲ. ಪ್ರೈವೇಟ್ ಬಸ್ಸು ಬರುವುದು ಎಂಟರ ಮೇಲೆ. ಆಟೋ ಹತ್ತಿದರೆ ಆ ದಿನದ ಕೂಲಿ ಆಟೋದವನಿಗೇ ಸರಿಹೋಗುತ್ತದೆ.

ನಾನು ಏಳು ಗಂಟೆಗೆ ಸಾಗರದ ನರ್ಸಿಂಗ್ ಹೋಮಿನಲ್ಲಿರಬೇಕು. ಡಾಕ್ಟರು ಬರುವ ಮುಂಚೆ ನೆಲ ಒರೆಸಿ, ಪಾಯಿಖಾನೆ ತಿಕ್ಕಿ ಮುಗಿಸಬೇಕು. ತಡವಾಗಿ ಹೋದಾಗೆಲ್ಲ ಕಂಟ್ರಾಕ್ಟರನ ಸೂಪರ್‌ವೈಸರ್ ಮಧುಸೂದನ ಬಾಗಿಲಲ್ಲೇ ಹಿಡಿಯುತ್ತಾನೆ. 'ಬಸ್ ಬರ್ಲಿಲ್ಲ ಅಂತ ಪೇಶಂಟು ವಾಂತಿ ತಡ್ಕಂಡ್ ಕೂರ್ತಾರಾ?' ಎಂದು ಎಲ್ಲರೆದುರು ಕೇಳಿದ. ಪಕ್ಕದ ಮನೆ ಹೂವಮ್ಮನ ಕೆಲಸ ಹೋದದ್ದು ಹೀಗೆಯೇ. ಅವಳೀಗ ಶುಂಠಿ ಗದ್ದೆಯಲ್ಲಿ ಕೂಲಿ ಸಿಕ್ಕ ದಿನ ಅನ್ನ, ಸಿಗದ ದಿನ ಗಂಜಿ ಎಂಬಂತಿದ್ದಾಳೆ. ನನ್ನದೂ ಹೋದರೆ ಅತ್ತೆಯ ಮಾತ್ರೆ, ಗ್ಯಾಸು, ಕರೆಂಟು ಎಲ್ಲ ನೀವು ಕಳಿಸುವುದರಲ್ಲೇ ಆಗಬೇಕು. ಆಗುತ್ತದೆಯೇ? ನೀವೇ ಹೇಳಿ.

ಸುಮ್ಮನೆ ಕೂತೆ ಎಂದುಕೊಳ್ಳಬೇಡಿ. ಡಿಸೆಂಬರಿನಲ್ಲಿ ನಾವೆಲ್ಲ ಕೂಡಿ ಬಸ್ ಸ್ಟ್ಯಾಂಡಿನ ಆಫೀಸಿಗೆ ಹೋಗಿ ಹೇಳಿದೆವು. ಅಲ್ಲಿ ಕೂತಿದ್ದವನು ತಲೆ ಎತ್ತದೆ, 'ಪುಕ್ಸಟ್ಟೆ ಹೋಗಕ್ಕೂ ಇಷ್ಟ್ ಜೋರಾ ನಿಮ್ದು?' ಎಂದ. ಪುಕ್ಕಟೆಯಂತೆ! ಕೋಳಿ ಕೂಗುವ ಮುಂಚೆ ಎದ್ದು, ಕಂಡವರ ರಕ್ತ, ಕಫ ಒರೆಸುವವಳು ಯಾರ ಮನೆಯದ್ದನ್ನು ಪುಕ್ಕಟೆ ತಿಂದಿದ್ದಾಳೆ ಎಂದು ಅಲ್ಲೇ ಕೇಳಿದೆ. ಅವನು ಟೀ ಕುಡಿಯಲು ಎದ್ದು ಹೋದ.

ಇನ್ನು ಅಂಗಿಯ ವಿಷಯ. ಸಂಕ್ರಾಂತಿಯ ಹಿಂದಿನ ದಿನ ಹಲ್ಲು ಕಟಕಟ ಎನ್ನುವ ಚಳಿ, ದೂರದಿಂದ ಮುಖದ ಗುರುತು ಸಿಗದಷ್ಟು ಮಂಜು. ಶುಂಠಿ ಕೆಲಸಕ್ಕೆ ಹೋಗುವಾಗ ಸೀರೆಯ ಮೇಲೆ ನಿಮ್ಮ ಅಂಗಿ ತೊಟ್ಟು ತಲೆಗೆ ಟವೆಲ್ ಸುತ್ತುತ್ತಿದ್ದೆನಲ್ಲ, ಹಾಗೆಯೇ ಹೊರಟೆ. ನಿಮ್ಮ ಹಳೆಯದು ಯಾವುದೂ ಸಿಗಲಿಲ್ಲ, ಈ ಒಳ್ಳೆಯದೇ ಕೈಗೆ ಬಂತು, ಬೈಯಬೇಡಿ. ಮೋರಿಕಟ್ಟೆಯ ಹಿಂದೆ ನಿಂತಿದ್ದೆ. ಡ್ರೈವರಿಗೆ ಸೊಂಟದಿಂದ ಮೇಲೆ ಮಾತ್ರ ಕಂಡಿರಬೇಕು. ಬಸ್ಸು ನಿಂತೇಬಿಟ್ಟಿತು! ಹಿಂದೆ ಇದ್ದ ಹೆಂಗಸರೆಲ್ಲ ದಬದಬ ಹತ್ತಿದರು. ಕಂಡಕ್ಟರ್ ನನ್ನ ಮುಖ ನೋಡಿ, 'ಥೋ, ಇದೂ ಹೆಂಗ್ಸಾ!' ಎಂದ. ನಾವು ಸಾಗರದವರೆಗೂ ಹೊಟ್ಟೆ ಹಿಡಿದು ನಕ್ಕೆವು. ಇಳಿಯುವ ಹೊತ್ತಿಗೆ ನನಗೆ ನಗು ಬರಲಿಲ್ಲ. ಅದೇ ರಸ್ತೆ, ಅದೇ ನಾನು. ಒಳಗೆ ನಾನಿದ್ದೇನೆಂದು ತಿಳಿದಿದ್ದರೆ ನಿಲ್ಲಿಸುತ್ತಿರಲಿಲ್ಲ ಎಂದು ಯೋಚಿಸಿದಷ್ಟೂ ಸಿಟ್ಟು ಏರಿತು. ಆದರೂ ಕೆಲಸ ಉಳಿಯಬೇಕಲ್ಲ, ಆಮೇಲೆ ದಿನವೂ ತೊಟ್ಟೆ. ಅತ್ತೆಯಂತೂ ಗುಂಡಿ ಹಾಕಿಕೊಡುತ್ತಾ, 'ನನ್ ಮಗಂಗಿಂತ ನಿಂಗೇ ಚೆನ್ನಾಗ್ ಒಪ್ತದೆ ಕಣೆ' ಎಂದು ನಗುತ್ತಿದ್ದರು.

ಇವತ್ತು ಬೆಳಿಗ್ಗೆ ಡ್ರೈವರ್ ಬಸ್ ನಿಲ್ಲಿಸಿದ. ಕಂಡಕ್ಟರ್ ಹೇಳಿಕೊಟ್ಟಿರಬೇಕು, ಬೇಕೆಂದೇ ನಿಲ್ಲಿಸಿದ. ಉಳಿದವರು ಹತ್ತಿದರು, ನಾನು ಮೆಟ್ಟಿಲ ಮೇಲೆ ಕಾಲಿಟ್ಟಾಗ ಸೀಟಿನಿಂದಲೇ ಕೂಗಿದ: 'ಏಯ್, ಗಂಡ್ಸಿನ್ ವೇಷ ಹಾಕ್ಕಂಡ್ ಮೋಸ ಮಾಡ್ತೀಯಾ? ಅಂಗಿ ಬಿಚ್ಚು ಮೊದ್ಲು, ಆಮೇಲೆ ಹತ್ತು.' ಬಸ್ಸಿಡೀ ನಕ್ಕಿತು ಕಣ್ರೀ. ನಕ್ಕವರಲ್ಲಿ ಹೆಂಗಸರೂ ಇದ್ದರು. ಒಳಗೆ ಸೀರೆ, ರವಿಕೆ ಎಲ್ಲ ಇತ್ತು, ಆದರೂ ಅಷ್ಟು ಜನರ ಮುಂದೆ ಒಂದೊಂದೇ ಗುಂಡಿ ತೆಗೆಯಲಾರದೆ ಎಳೆದುಬಿಟ್ಟೆ. ಮೇಲಿನ ಗುಂಡಿ ಕಿತ್ತು ಎಲ್ಲೋ ಬಿತ್ತು. ಕೆಲಸ ಹೋಗಬಾರದೆಂದು ಬಿಚ್ಚಿದೆ. ಬಿಚ್ಚಲು ಕೆಳಗಿಳಿದಿದ್ದೆನಲ್ಲ, ಅಷ್ಟರಲ್ಲಿ ಆ ಪಾಪಿ ಬಾಗಿಲು ಹಾಕಿಸಿ ಬಸ್ ಎತ್ತಿಕೊಂಡು ಹೋದ. ಒಳಗೆ ನಮ್ಮವರು ಬಾಗಿಲು ಬಡಿದು ಕೂಗಿದರೂ ನಿಲ್ಲಿಸಲಿಲ್ಲ.

ಹಾಲಿನ ಗಾಡಿಯವನು ಪುಣ್ಯಕ್ಕೆ ಹತ್ತಿಸಿಕೊಂಡ. ನರ್ಸಿಂಗ್ ಹೋಮು ಮುಟ್ಟುವಾಗ ಎಂಟಾಗಿತ್ತು. ಮಧುಸೂದನ ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. 'ನಾಳೆ ಏಳಕ್ಕೆ ಇದ್ರೆ ಇದ್ದೆ. ಇಲ್ಲಾಂದ್ರೆ ಬೇರೆಯೋರನ್ನ ಹೇಳಿಟ್ಟಿದೀನಿ' ಎಂದ. ಅಷ್ಟೇ.

ಇಷ್ಟು ಓದಿ ನೀವು ಏನೆನ್ನುತ್ತೀರೆಂದು ಗೊತ್ತು. 'ಹೋಗ್ಲಿ ಬಿಡು, ಮನೇಲಿದ್ಬಿಡು.' ಹೋದ ಸಲ ಫೋನಿನಲ್ಲೂ ಅದನ್ನೇ ಅಂದಿರಿ. ಮನೆಯಲ್ಲಿ ಕೂತರೆ ಮನೆ ನಡೆಸುವವರು ಯಾರು? ಮಳೆಗಾಲದಲ್ಲಿ ಹೋದವರು ದೀಪಾವಳಿಗೂ ಬರಲಿಲ್ಲ, ಸಂಕ್ರಾಂತಿಗೂ ಬರಲಿಲ್ಲ. ಇಷ್ಟು ದಿನ ಇಲ್ಲಿ ನನ್ನ ಜೊತೆ ನಿಂತದ್ದು ನಿಮ್ಮ ಅಂಗಿ ಒಂದೇ. ನಿಮ್ಮ ಮೇಲೆ ಸಿಟ್ಟಿಲ್ಲ ಎಂದು ಬರೆಯಹೊರಟೆ. ಇದೆ, ಸ್ವಲ್ಪ ಇದೆ. ಬಂದಾಗ ಎದುರು ಕೂತು ಜಗಳವಾಡುತ್ತೇನೆ, ಈಗ ಅದಕ್ಕೂ ಹೊತ್ತಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣಿ. ಎತ್ತರದಲ್ಲಿ ಕೆಲಸ ಮಾಡುವಾಗ ಹಗ್ಗ ಕಟ್ಟಿಕೊಳ್ಳಿ, ಮೇಸ್ತ್ರಿ ನಕ್ಕರೆ ನಗಲಿ. ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ, ಆ ಡ್ರೈವರಿಗೆ ಹೇಳಿದ್ದನ್ನು ಬರೆಯುವ ಹಾಗಿಲ್ಲ.

ನಿಮ್ಮ
ಹೇಮಾವತಿ

ಮತ್ತೆ: ಮುಖ್ಯವಾದದ್ದೇ ಬಿಟ್ಟುಹೋಯಿತು. ಅಂಗಿ ಒಗೆದು ಗಂಟಿನಲ್ಲಿಟ್ಟಿದ್ದೇನೆ, ಮೇಲಿನ ಗುಂಡಿ ಮಾತ್ರ ಬೇರೆ ಬಣ್ಣದ್ದು. ನನಗಿನ್ನು ಅದು ಬೇಡ. ನಾಳೆ ಬೆಳಿಗ್ಗೆ ಕಾಲೊನಿಯ ಹೆಂಗಸರೆಲ್ಲ ಸೀರೆಯಲ್ಲೇ ರಸ್ತೆಗೆ ಅಡ್ಡ ನಿಲ್ಲುತ್ತೇವೆ. ಕೆಲಸ ಕಳೆದುಕೊಂಡ ಹೂವಮ್ಮನೂ ಬರುತ್ತಾಳೆ. ಅತ್ತೆ ನಡುರಸ್ತೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರುತ್ತಾರಂತೆ, ಬೇಡವೆಂದರೆ ನನಗೇ ಬೈದರು. ಸುಬ್ಬಯ್ಯನೂ ಅದೇ ಬಸ್ಸಿಗೆ ಸಾಗರಕ್ಕೆ ಹೋಗಿ ಅಲ್ಲಿಂದ ಮುಂದಿನ ಬಸ್ ಹಿಡಿಯಬೇಕು. ಅವನಿಗೆ ಹಲಸಿನ ಮರದ ಹಿಂದೆ ನಿಂತಿರು, ಗಂಡಸಿನ ಮುಖ ಕಾಣಿಸಕೂಡದು, ನಾವು ಹತ್ತಿದರೆ ಮಾತ್ರ ನೀನು ಹತ್ತು ಎಂದು ಹೇಳಿದ್ದೇನೆ. ಒಪ್ಪಿದ್ದಾನೆ. ಮಂಗಳವಾರವೇ ಈ ಪತ್ರ ನಿಮ್ಮ ಕೈ ಸೇರಿದರೆ, ಬಸ್ಸು ನಮಗೇ ನಿಂತಿತು ಎಂದು ತಿಳಿಯಿರಿ.